ಎರಡನೇ ಕ್ಲಾಸಿನ ಅಕ್ಷೋಭ್ಯ

ಕುರ್ಚಿ ಏಳು ವರ್ಷದ ಮಕ್ಕಳ ಅಳತೆಯದು. ಅದರಲ್ಲಿ ಕೂತರೆ ಅಕ್ಷೋಭ್ಯನ ಮೊಣಕಾಲು ಎದೆಯ ಹತ್ತಿರ ಬರುತ್ತಿತ್ತು. ಮೇಜಿನ ಕೆಳಗೆ ಕಾಲು ತೂರುತ್ತಿರಲಿಲ್ಲ, ಪಕ್ಕಕ್ಕೆ ಚಾಚಿದರೆ ಓಡಾಡುವ ಮಕ್ಕಳು ಎಡವುತ್ತಿದ್ದರು. ಹಾಗೆ ಮುದುಡಿ ಕೂತು ಸಿಟ್ಟು ಮಾಡಿಕೊಳ್ಳುವುದು ಬಲು ಕಷ್ಟ. ಸಿಟ್ಟಿಗೂ ಒಂದಿಷ್ಟು ಜಾಗ ಬೇಕು, ಎದೆ ಸೆಟೆಯಬೇಕು, ಕೈ ಬೀಸಬೇಕು. ಇಲ್ಲಿ ಕೈ ಬೀಸಿದರೆ ಮುಂದಿನ ಸಾಲಿನ ಹುಡುಗಿಯ ಜಡೆಗೆ ತಾಗುತ್ತದೆ. ಆದರೂ ಬೆಳಗ್ಗೆ ಎದ್ದಾಗಿನಿಂದ ಅವನು ಸಿಟ್ಟಿನಲ್ಲೇ ಇದ್ದ. ಬಿಗ್ ಬೀವರ್ ರಸ್ತೆಯಲ್ಲಿ ಸಿಗ್ನಲ್ಲಿಗೆ ಕಾಯುವಾಗ ಆ ರಸ್ತೆಯ ಹೆಸರಿನ ಮೇಲೂ ಸಿಟ್ಟು ಬಂದಿತ್ತು. ಹೊಳೆಗೆ ಒಡ್ಡು ಕಟ್ಟುವ ದೊಡ್ಡ ಬೀವರ್ ಪ್ರಾಣಿ ಅಂತೆ! ಹೈಸ್ಕೂಲಿನಿಂದ ಟ್ರಾಯ್‌ನಲ್ಲಿದ್ದಾನೆ, ದೊಡ್ಡದಿರಲಿ, ಸಣ್ಣ ಬೀವರೂ ಆ ರಸ್ತೆಯಲ್ಲಿ ಕಣ್ಣಿಗೆ ಬಿದ್ದಿಲ್ಲ. ಇರುವುದೆಲ್ಲ ಬ್ಯಾಂಕು, ಮಾಲು, ಗಾಜಿನ ಆಫೀಸು, ಅವುಗಳ ಅಂಗಳದಲ್ಲಿ ಮಾರ್ಚ್ ಬಂದರೂ ಕರಗದೆ ಕಪ್ಪಾಗಿ ಬಿದ್ದಿರುವ ಹಿಮದ ಗುಡ್ಡೆ. ಇವತ್ತು ಮಾತಿನ ದಿನ. ಶನಿವಾರದ ಈ ಚೀನೀ ಶಾಲೆಯಲ್ಲಿ ಎರಡನೇ ಕ್ಲಾಸಿನ ಪ್ರತಿಯೊಬ್ಬರೂ ಬೋರ್ಡಿನ ಮುಂದೆ ನಿಂತು ತಮಗೆ ಗೊತ್ತಿರುವ ಒಂದು ಜಾಗದ ಬಗ್ಗೆ ಚೀನೀ ಭಾಷೆಯಲ್ಲಿ ಮಾತಾಡಬೇಕು. ಅಪ್ಪ ಅಮ್ಮಂದಿರು ಹಿಂದೆ ಸಾಲಾಗಿ ನಿಂತು ಕೇಳುತ್ತಾರೆ. ಅಕ್ಷೋಭ್ಯನೂ ಎರಡನೇ ಕ್ಲಾಸು. ವಯಸ್ಸು ಇಪ್ಪತ್ಮೂರು.

ಎದ್ದು ಹೋಗಿಬಿಡಬಹುದು. ಯಾರೂ ಹಿಡಿದು ನಿಲ್ಲಿಸುವುದಿಲ್ಲ. ಎದ್ದು ಹೋಗುವುದರಲ್ಲಿ ಅವನಷ್ಟು ಪಳಗಿದವರು ಮಿಶಿಗನ್‌ನಲ್ಲಿ ಇನ್ನೊಬ್ಬರಿರಲಾರರು. ಮೃದಂಗ ಬಿಟ್ಟ, ಈಜು ಬಿಟ್ಟ, ಕಾಲೇಜನ್ನು ಎರಡನೇ ವರ್ಷದಲ್ಲಿ ಬಿಟ್ಟ. ಅವನ್ನೆಲ್ಲ ಬಿಟ್ಟಿದ್ದಕ್ಕೆ ಅವನಿಗೆ ದುಃಖವೇನೂ ಇರಲಿಲ್ಲ, ಯಾವುದೂ ಅವನದಾಗಿರಲಿಲ್ಲ, ಯಾರೋ ತಂದು ಮಡಿಲಿಗೆ ಹಾಕಿದ್ದು. ಇದು ಹಾಗಲ್ಲ. ಇದನ್ನು ಅವನೇ ಹುಡುಕಿಕೊಂಡು ಬಂದಿದ್ದ. ಇದು ಅವನಿಗೆ ಇಷ್ಟವಾಗಿತ್ತು, ನಾಚಿಕೆಯಾಗುವಷ್ಟು ಇಷ್ಟವಾಗಿತ್ತು. ಇಷ್ಟವಾದದ್ದನ್ನೂ ಅರ್ಧಕ್ಕೆ ಬಿಟ್ಟರೆ ಆಮೇಲೆ ಬೈಯುವುದಕ್ಕೆ ಕಾಲೇಜೂ ಇರುವುದಿಲ್ಲ, ಬಂಧುಬಳಗವೂ ಇರುವುದಿಲ್ಲ, ತಾನೊಬ್ಬನೇ ಉಳಿಯುತ್ತೇನೆ. ಅವನು ಕುರ್ಚಿ ಬಿಟ್ಟು ಏಳದೆ ಇದ್ದದ್ದು ಅದಕ್ಕೇ.

ಮುಂದೆ ಗಾವ್ ಲಾವ್‌ಷ ಬೋರ್ಡಿನ ಮೇಲೆ ಅಯಸ್ಕಾಂತದ ಬಿಲ್ಲೆಗಳನ್ನು ಜೋಡಿಸುತ್ತಿದ್ದರು, ಮಾತಿನ ದಿನಕ್ಕೆ ಮುಂಚೆ ಸ್ವಲ್ಪ ಹಳೆ ಪಾಠ ತಿರುವಿಹಾಕಲು. ಲಾವ್ ಅಂದರೆ ಹಳೆಯ, ವಯಸ್ಸಾದ. ಲಾವ್‌ಷ ಅಂದರೆ ಮೇಷ್ಟ್ರು. ಗಾವ್ ಲಾವ್‌ಷಗೆ ಅಕ್ಷೋಭ್ಯನಿಗಿಂತ ಹೆಚ್ಚೆಂದರೆ ಎರಡು ಮೂರು ವರ್ಷ ಜಾಸ್ತಿ ಇರಬಹುದು, ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದಾರೆ, ನಗುವಾಗ ಕೈ ಅಡ್ಡ ಹಿಡಿಯುತ್ತಾರೆ. ಆದರೂ ಅವರು ಹಳೇ ಮೇಷ್ಟ್ರೇ. ಯಾಕೆ ಎಂದು ಅವನು ಮೊದಲ ದಿನ ಜಗಳಕ್ಕೆ ನಿಂತವನ ಹಾಗೆ ಕೇಳಿದ್ದ. ಮಾತಿಗೆ ಮಾತು ಅಂಟಿಕೊಂಡ ಮೇಲೆ ಅದರ ವಯಸ್ಸು ಕೇಳಬಾರದು ಎಂದು ಅವರು ನಕ್ಕಿದ್ದರು. ನೀಲಿ ಬಿಲ್ಲೆಯಲ್ಲಿ ದೊಡ್ಡ, ಸಣ್ಣ, ಬಿಳಿ, ಕಪ್ಪು, ಬಿಸಿ, ಹಳೆಯ. ಹಳದಿ ಬಿಲ್ಲೆಯಲ್ಲಿ ಮನೆ, ಹೃದಯ, ತರಕಾರಿ, ನೀರು, ನಾಯಿ. ನಡುವೆ ಇಡುವುದಕ್ಕೆ ಒಂದು ಪುಟ್ಟ ದುಂಡು ಬಿಲ್ಲೆ, ಅದರ ಮೇಲೆ ಒಂದೇ ಅಕ್ಷರ, ಓದುವುದು ‘ದ’. ಬಾಯ್ ಅಂದರೆ ಬಿಳಿ, ತ್ಸಾಯ್ ಅಂದರೆ ತರಕಾರಿ. ನಡುವೆ ‘ದ’ ಇಟ್ಟರೆ ಬೆಳ್ಳಗಿರುವ ಯಾವುದೋ ಒಂದು ತರಕಾರಿ, ಮೂಲಂಗಿಯೂ ಆದೀತು, ಇವತ್ತು ಬೆಳ್ಳಗಿದೆ ಅಷ್ಟೇ. ‘ದ’ವನ್ನು ಕಿತ್ತು ಎರಡನ್ನೂ ಟಕ್ಕನೆ ಕೂಡಿಸಿದರೆ ಬಾಯ್‌ತ್ಸಾಯ್: ಅದು ಒಂದು ಬಗೆಯ ಎಲೆಕೋಸು. ಅದರ ಎಲೆ ಎಷ್ಟು ಹಸಿರಾಗಿದ್ದರೂ ಅದು ಬಿಳಿ ತರಕಾರಿಯೇ. ಬಹಳ ಬಿಳಿ, ಸ್ವಲ್ಪ ಬಿಳಿ ಎಂದೆಲ್ಲ ಹೇಳುವ ಹಾಗಿಲ್ಲ. ದೊಡ್ಡ ಎಂಬುದಕ್ಕೆ ಮನೆ ಅಂಟಿಸಿದರೆ ದಾಜ್ಯಾ, ಬಂಗಲೆಯಲ್ಲ, ಎಲ್ಲರೂ ಎಂದರ್ಥ. ಸಣ್ಣ ಎಂಬುದಕ್ಕೆ ಹೃದಯ ಅಂಟಿಸಿದರೆ ಹುಷಾರು. ಬಿಸಿ ಮತ್ತು ನಾಯಿ ಅಂಟಿಸಿದಾಗ ಮಕ್ಕಳು ಬೆಂಚು ಬಡಿದು ‘ರಗೋ! ರಗೋ!’ ಎಂದು ಕೂಗುತ್ತಿದ್ದರು, ಅವರ ಪಾಲಿಗೆ ಅದು ಬೇಸ್‌ಬಾಲ್ ಮೈದಾನದಲ್ಲಿ ಸಿಗುವ ಹಾಟ್ ಡಾಗ್ ತಿಂಡಿ.

ಟಕ್ ಎನ್ನುವ ಆ ಸದ್ದು ಅವನಿಗೆ ವಾರವೆಲ್ಲ ಕಿವಿಯಲ್ಲಿರುತ್ತಿತ್ತು. ಅದನ್ನು ಕೇಳಿದ ಮೇಲೆ ತನ್ನ ಮನೆಯ ಮಾತೇ ಬೇರೆ ಥರ ಕಾಣತೊಡಗಿತ್ತು. ಅಡುಗೆಮನೆಯಲ್ಲಿ ಅಮ್ಮ ಬೆಳ್ಳುಳ್ಳಿ ಬಿಡಿಸುವಾಗ ಅವನು ನೋಡುತ್ತ ನಿಂತುಬಿಟ್ಟಿದ್ದ. ಬೆಳ್ಳಗಿನ ಉಳ್ಳಿ, ಇಷ್ಟು ದಿನ ಅದು ಒಂದೇ ತುಂಡು ಅಂದುಕೊಂಡಿದ್ದ. “ಏನೋ ಹಾಗೆ ನೋಡ್ತಿದ್ಯಾ, ಯಾವತ್ತೂ ಬೆಳ್ಳುಳ್ಳಿ ಕಂಡಿಲ್ವಾ?” ಎಂದು ಅಮ್ಮ ಗದರಿದ್ದಳು. ತಂಗಾಳಿ, ಹೆಬ್ಬೆರಳು, ಚಿಕ್ಕಮ್ಮ, ದೊಡ್ಡಪ್ಪ. ಚೀನೀ ಭಾಷೆಯಲ್ಲೂ ಅಪ್ಪನ ಅಣ್ಣನಿಗೆ ದೊಡ್ಡ ಎಂಬುದನ್ನು ಅಂಟಿಸಿಯೇ ಕರೆಯುತ್ತಾರೆ, ದಾಬೋ. ಅದು ಗೊತ್ತಾದ ದಿನ ಅವನಿಗೆ ಕಾರಿನಲ್ಲಿ ಒಬ್ಬನೇ ಜೋರಾಗಿ ನಗು ಬಂದಿತ್ತು, ಯಾಕೆಂದರೆ ಲಿಸ್ಲ್‌ನಲ್ಲಿರುವ ವೆಂಕಟರಾಮು ದೊಡ್ಡಪ್ಪ ಅಪ್ಪನ ಭುಜದವರೆಗೂ ಬರುವುದಿಲ್ಲ, ಷಿಕಾಗೋದ ಗಾಳಿ ಬೀಸಿದರೆ ದೊಡ್ಡಮ್ಮನ ತೋಳು ಹಿಡಿದುಕೊಳ್ಳುತ್ತಾರೆ. ಆದರೂ ದೊಡ್ಡಪ್ಪ. ಟಕ್. ಬಿಡಿಸಲು ಬರುವುದಿಲ್ಲ. ಕಳೆದ ಥ್ಯಾಂಕ್ಸ್‌ಗಿವಿಂಗ್‌ಗೆ ಆ ಮನೆಯ ಬೇಸ್‌ಮೆಂಟಿನಲ್ಲಿ ಹೊಸದಾಗಿ ಬಂದ ಅತಿಥಿಗಳಿಗೆ ದೊಡ್ಡಪ್ಪ ಮನೆಯ ಮಕ್ಕಳನ್ನೆಲ್ಲ ಪರಿಚಯ ಮಾಡಿಸಿದರು, ಪೇಪರ್ ಪ್ಲೇಟಿನಲ್ಲಿ ಬಿಸಿಬೇಳೆಬಾತು ಹಿಡಿದುಕೊಂಡೇ. ಇವನು ಡಾಕ್ಟರ್ ಋಷಿ. ಇವಳು ಡೇಟಾ ಸೈನ್ಸ್ ಮೈತ್ರೇಯಿ. ಆಮೇಲೆ ಅಕ್ಷೋಭ್ಯನ ಹತ್ತಿರ ಬಂದರು, ಬಾಯಿ ತೆರೆದರು, ಚಮಚ ಗಾಳಿಯಲ್ಲಿ ನಿಂತಿತು. ಇವನು ನಮ್ಮ ಅಕ್ಷೋಭ್ಯ, ಅಂದರು. ಅಷ್ಟೇ. ಎಲ್ಲರಿಗೂ ಮುಂದೊಂದು ಮಾತು ಸಿಕ್ಕಿತು, ಅವನಿಗೆ ಹೆಸರಷ್ಟೇ. ಅತಿಥಿಗಳು ಮುಂದಿನ ಮಾತಿಗೆ ಕಾದರು. ಅದು ಬರಲಿಲ್ಲ. ಅವರು “ಓ, ನೈಸ್” ಅಂದರು. ಅವಮಾನಕ್ಕೆ ಬೈಗುಳ ಬೇಕಿಲ್ಲ, ಒಂದು ಖಾಲಿ ಜಾಗ ಸಾಕು. ಓದು ಬಿಟ್ಟ ಅಕ್ಷೋಭ್ಯ ಎಂದೇ ಹೇಳಿಬಿಟ್ಟಿದ್ದರೆ ಅಲ್ಲೇ ಒಂದು ಜಗಳ ಆಡಿ, ಮೆಟ್ಟಿಲು ದಡದಡ ಹತ್ತಿ, ಚಳಿಯಲ್ಲಿ ನಿಂತು ಹಾಯಾಗಿರಬಹುದಿತ್ತು. ಅವರು ಅದಕ್ಕೂ ಅವಕಾಶ ಕೊಡಲಿಲ್ಲ. ವಾಪಸು ಬರುವಾಗ ಹೈವೇಯುದ್ದಕ್ಕೂ ಅವನು ತನ್ನ ಹಣೆಗೆ ಅಂಟಿರುವ ಆ ಹೇಳದ ಮಾತನ್ನೇ ಯೋಚಿಸುತ್ತಿದ್ದ. ಅದು ಟಕ್ಕನೆ ಅಂಟಿ ಹೋಗಿದೆಯೋ, ಇಲ್ಲ ನಡುವೆ ಎಲ್ಲೋ ಒಂದು ದುಂಡು ಬಿಲ್ಲೆಯಷ್ಟಾದರೂ ಸಂದು ಉಳಿದಿದೆಯೋ.

ಅವನಿಗೆ ಮುಂದೊಂದು ಮಾತು ಕೊಟ್ಟವನು ಲಾವ್ ಜಾವ್. ಸ್ಟರ್ಲಿಂಗ್ ಹೈಟ್ಸ್‌ನ ಕಾರ್ಖಾನೆಯಲ್ಲಿ, ಕಾರಿನ ಬಾಗಿಲಿನ ಒಳಪಟ್ಟಿ ಕೂಡಿಸುವ ಸಾಲಿನಲ್ಲಿ, ಅಕ್ಷೋಭ್ಯನ ಎದುರು ನಿಲ್ಲುವ ಚಾಂಗ್‌ಚುನ್ ಊರಿನ ದಪ್ಪ ಮನುಷ್ಯ. ಕಾರ್ಖಾನೆಯನ್ನು ಚೀನಾದ ಕಂಪನಿ ಕೊಂಡ ಮೇಲೆ ಅಲ್ಲಿಂದ ಬಂದವನು. ಯಂತ್ರದ ತೋಳು ಕೆಟ್ಟು ನಿಂತಾಗಲೆಲ್ಲ ಅವನು ಏನೋ ಕೂಗುತ್ತಿದ್ದ, ಉಳಿದ ಚೀನೀಯರು ಬಿದ್ದು ಬಿದ್ದು ನಗುತ್ತಿದ್ದರು. ತನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಎಂದು ಅಕ್ಷೋಭ್ಯ ಹಲ್ಲು ಕಚ್ಚಿಕೊಂಡ. ಏನನ್ನುತ್ತಾರೆ ಅಂತ ತಿಳಿದುಕೊಂಡು, ಅವರ ಭಾಷೆಯಲ್ಲೇ ಮುಖಕ್ಕೆ ಹೊಡೆದ ಹಾಗೆ ಉತ್ತರ ಕೊಡಬೇಕು. ಚೀನೀ ಕಲಿಕೆಯ ಶುರು ಅಲ್ಲಿಂದ, ಸೇಡಿನಿಂದ. ಒಂದಿಷ್ಟು ಮಾತು ಕಿವಿಗೆ ಹತ್ತಿದ ಮೇಲೆ ಗೊತ್ತಾಯಿತು: ಜಾವ್ ಬೈಯುತ್ತಿದ್ದದ್ದು ಯಂತ್ರವನ್ನು, ಅದೂ ತನ್ನ ಮಾವನ ಹೆಸರಿಟ್ಟು. ಸೇಡು ತೀರಿಸಿಕೊಳ್ಳಲು ಏನೂ ಉಳಿಯಲಿಲ್ಲ, ಭಾಷೆ ಮಾತ್ರ ಕೈಯಲ್ಲಿ ಉಳಿಯಿತು. ಜಾವ್‌ಗೆ ವಯಸ್ಸಾಗಿದೆ, ಅದಕ್ಕೇ ಲಾವ್ ಜಾವ್. ಅಕ್ಷೋಭ್ಯ ಎಂಬಷ್ಟು ಉದ್ದದ ಹೆಸರು ಅವರ ಬಾಯಿಗೆ ಹೊರಳಲಿಲ್ಲ, ತಲೆಯ ಅಕ್ಷರ ಉಳಿಸಿಕೊಂಡು ಮುಂದೆ ಸಣ್ಣ ಎಂಬುದನ್ನು ಅಂಟಿಸಿದರು. ಶ್ಯಾವ್ ಆ. ಪುಟ್ಟ ಆ. ಆರಡಿ ಎತ್ತರದವನಿಗೆ! ಮೊದಲು ಉರಿದುಹೋಯಿತು. ಆಮೇಲೆ ಒಂದು ಮಧ್ಯಾಹ್ನ ಗದ್ದಲದ ನಡುವೆ ದೂರದಿಂದ ಯಾರೋ “ಶ್ಯಾವ್ ಆ!” ಎಂದು ಕೂಗಿದಾಗ, ತಾನು ತಿರುಗುವ ಮುಂಚೆಯೇ ತನ್ನ ಮೈ ತಿರುಗಿದ್ದನ್ನು ಕಂಡು ಅವನಿಗೇ ಆಶ್ಚರ್ಯವಾಯಿತು.

ದೊಡ್ಡವರ ಕ್ಲಾಸಿಗೆ ಸೇರಿಕೊಳ್ಳೋಣ ಎಂದು ಇಲ್ಲಿಗೆ ಬಂದರೆ, ಅದಕ್ಕೆ ಸೇರಿದ್ದವರು ಇವನೂ ಒಬ್ಬ ನಿವೃತ್ತ ದಂತವೈದ್ಯರೂ ಮಾತ್ರ. ಅವರು ಫ್ಲಾರಿಡಾಕ್ಕೆ ಹೋದರು, ಕ್ಲಾಸು ನಿಂತಿತು. ಎರಡನೇ ಕ್ಲಾಸಿನಲ್ಲಿ ಜಾಗ ಇದೆ, ಆದರೆ ಕುರ್ಚಿ ಸಣ್ಣದು ಎಂದರು ಗಾವ್ ಲಾವ್‌ಷ, ಬೇಡ ಅನ್ನುತ್ತಾನೆ ಎಂದುಕೊಂಡು. ಬೇಡ ಅನ್ನಲಿ ಎಂದು ಕಾಯುವವರ ಮುಂದೆ ಅವನು ಎಂದೂ ಬೇಡ ಅಂದವನಲ್ಲ. ಆನ್‌ಲೈನಿನಲ್ಲಿ ಹೆಸರು ನೋಂದಾಯಿಸುವಾಗ ಪೋಷಕರ ಜಾಗ ತುಂಬದೆ ಅದು ಮುಂದೆ ಹೋಗಲಿಲ್ಲ, ತನ್ನದೇ ಇಮೇಲನ್ನು ಎರಡು ಸಲ ತೆಗೆದುಕೊಳ್ಳಲಿಲ್ಲ. ಬೈದುಕೊಂಡು ಅಪ್ಪನದನ್ನು ಒತ್ತಿ, ಮರೆತ. ಮನೆಯಲ್ಲಿ ಶನಿವಾರ ಓವರ್‌ಟೈಮ್ ಇದೆ ಎಂದು ಹೇಳಿದ. ಓದು ಬಿಟ್ಟ ಮಗ ಶಾಲೆಗೆ ಹೋಗುತ್ತಿದ್ದಾನೆ ಅಂತ ತಿಳಿದರೆ ಅಮ್ಮನ ಮುಖ ಅರಳಿಬಿಡುತ್ತದೆ, ಕಾಲೇಜಿಗೆ ಮತ್ತೆ ಅಪ್ಲೈ ಮಾಡು ಎಂಬ ಮಾತು ಶುರುವಾಗುತ್ತದೆ. ಆ ಅರಳುವ ಮುಖವನ್ನು ತಡೆದುಕೊಳ್ಳುವ ಶಕ್ತಿ ಅವನಿಗಿರಲಿಲ್ಲ.

“ಅಂಕಲ್, ಯು ಆರ್ ಶೇಕಿಂಗ್ ದ ಟೇಬಲ್,” ಎಂದಳು ಪಕ್ಕದ ತನ್ಮಯಿ.

ಇಡೀ ಕ್ಲಾಸಿನಲ್ಲಿ ಅವನನ್ನು ಬಿಟ್ಟರೆ ಕನ್ನಡದವಳು ಅವಳೊಬ್ಬಳೇ. ಎಂಟು ವರ್ಷ. ಶುಕ್ರವಾರ ಭರತನಾಟ್ಯ, ಶನಿವಾರ ಬೆಳಗ್ಗೆ ಚೀನೀ, ಮಧ್ಯಾಹ್ನ ಚೆಸ್, ಭಾನುವಾರ ದೇವಸ್ಥಾನದಲ್ಲಿ ಶ್ಲೋಕ. ಯಾವುದನ್ನೂ ಬಿಟ್ಟಿಲ್ಲ.

“ಅಲ್ಲಾಡಿಸ್ತಿಲ್ಲ ಕಣೆ. ಅದೇ ಅಲ್ಲಾಡ್ತಿದೆ. ಮತ್ತೆ ಅಂಕಲ್ ಅನ್ಬೇಡ ಅಂತ ಎಷ್ಟು ಸಲ ಹೇಳಿದೀನಿ?”

“ಬಟ್ ಯು ಹ್ಯಾವ್ ಅ ಬಿಯರ್ಡ್.” ಅವಳು ಅವನ ಕಾಲು ನೋಡಿದಳು. “ಆರ್ ಯು ಸ್ಕೇರ್ಡ್?”

“ಇಲ್ಲ.”

“ಐ ಆ್ಯಮ್,” ಎಂದಳು ಖುಷಿಯಾಗಿ, ಪೆನ್ಸಿಲ್ ಕಚ್ಚುತ್ತ.

ಅಷ್ಟರಲ್ಲಿ ಬಾಗಿಲು ತೆರೆದು ಪೋಷಕರು ಒಳಗೆ ಬರತೊಡಗಿದರು. ದಪ್ಪ ಕೋಟುಗಳು, ಒದ್ದೆ ಬೂಟುಗಳು, ಫ್ಲಾಸ್ಕುಗಳು, ಮೇಲೆತ್ತಿದ ಫೋನುಗಳು. ಅವರ ಮಧ್ಯೆ ತನ್ಮಯಿಯ ಅಮ್ಮ ಸುಚೇತಾ. ಅವಳ ಕಣ್ಣು ಮಗಳನ್ನು ಹುಡುಕುತ್ತ ಬಂದು ಮಗಳ ಪಕ್ಕದ ಗಡ್ಡದ ಮೇಲೆ ನಿಂತಿತು. ಅಕ್ಷೋಭ್ಯ ಇನ್ನಷ್ಟು ಮುದುಡಲು ನೋಡಿದ. ಆ ಕುರ್ಚಿಯಲ್ಲಿ ಇನ್ನು ಮುದುಡಲು ಉಳಿದಿರಲಿಲ್ಲ.

“ಅಯ್ಯೋ! ನೀನು ಪದ್ಮ ಆಂಟಿ ಮಗ ಅಲ್ವೇನೋ? ಅಕ್ಷೋಭ್ಯ!” ಸುಚೇತಾಳ ದನಿಗೆ ಕೋಣೆ ಸಾಲದು. “ಇವಳು ದಿನಾ ಹೇಳ್ತಿದ್ಲು, ಕ್ಲಾಸಲ್ಲಿ ಒಬ್ಬ ದೊಡ್ಡ ಹುಡುಗ ಇದಾನೆ, ಎಲ್ಲಾರ್ಗಿಂತ ಜಾಸ್ತಿ ತಪ್ಪು ಮಾಡ್ತಾನೆ ಅಂತ. ನಾನು ಎಲ್ಲೋ ಹತ್ತು ವರ್ಷದ ಹುಡುಗ ಅಂದ್ಕೊಂಡಿದ್ದೆ ಕಣೋ!”

“ನಮಸ್ಕಾರ ಆಂಟಿ.”

“ಎಷ್ಟು ಕ್ಯೂಟಾಗಿ ಕೂತಿದ್ಯೋ! ಇರು, ವಿಡಿಯೋ ತೆಗೀತೀನಿ, ನಮ್ಮ ಕನ್ನಡದೋರ ಗ್ರೂಪಿಗೆ ಹಾಕೋಣ. ನಿಮ್ಮ ಲಿಸ್ಲ್ ದೊಡ್ಡಪ್ಪಾನೂ ಅದರಲ್ಲಿದಾರಲ್ವಾ? ಖುಷಿ ಪಡ್ತಾರೆ.”

ಕ್ಯೂಟು! ಕಾರ್ಖಾನೆಯಲ್ಲಿ ನಲವತ್ತು ಪೌಂಡಿನ ಪಟ್ಟಿ ಎತ್ತುವ ಕೈ, ಗಡ್ಡ, ಬೆನ್ನು ನೋವು, ಎಲ್ಲಾ ಸೇರಿ ಕ್ಯೂಟು. ಅವನಿಗೆ ಕಂಡದ್ದು ಒಂದು ಬೇಸ್‌ಮೆಂಟು, ಅದರಲ್ಲಿ ಕೈಯಿಂದ ಕೈಗೆ ಹೋಗುವ ಒಂದು ಫೋನು, ಅದರೊಳಗೆ ಮಕ್ಕಳ ಮಧ್ಯೆ ನಿಂತು ತೊದಲುವ ತಾನು, ಅದನ್ನು ನೋಡಿ ಕೊನೆಗೂ ಖಾಲಿ ಜಾಗಕ್ಕೆ ಮಾತು ಸಿಕ್ಕಿದ ದೊಡ್ಡಪ್ಪ. ಇವನು ಎರಡನೇ ಕ್ಲಾಸಿನ ಅಕ್ಷೋಭ್ಯ. ಮೊದಲ ಹುಡುಗ ಬೋರ್ಡಿನ ಮುಂದೆ ನಿಂತು ತನ್ನ ಅಜ್ಜಿಯ ಅಡುಗೆಮನೆಯ ಬಗ್ಗೆ ಶುರು ಮಾಡಿದ. ಎಲ್ಲರೂ ಅತ್ತ ತಿರುಗಿದರು. ಅಕ್ಷೋಭ್ಯ ಎದ್ದ. ಕುರ್ಚಿಯೂ ಅವನ ಜೊತೆ ಎದ್ದಿತು, ಸೊಂಟಕ್ಕೆ ಕಚ್ಚಿಕೊಂಡು. ಅದನ್ನು ಎರಡೂ ಕೈಯಲ್ಲಿ ಕಳಚಿ ಕೆಳಗಿಟ್ಟು, ಗಾವ್ ಲಾವ್‌ಷ ಕಡೆ ಬಾತ್‌ರೂಮು ಎಂಬಂತೆ ಕಿರುಬೆರಳು ತೋರಿಸಿ, ಕೋಟು ಎತ್ತಿಕೊಂಡು ಹೊರಬಿದ್ದ. ಬಾತ್‌ರೂಮಿಗೆ ಕೋಟು ಯಾಕೆ ಎಂಬಂತೆ ಕೆವಿನ್ ಎಂಬ ಹುಡುಗ ಅವನನ್ನೇ ನೋಡುತ್ತಿದ್ದ.

ಕಾರಿಡಾರಿನಲ್ಲಿ ಮಕ್ಕಳ ಎತ್ತರಕ್ಕೆ ನೀರಿನ ನಲ್ಲಿಗಳು, ಗೋಡೆಯ ಮೇಲೆ ಯಾರದೋ ಜ್ವಾಲಾಮುಖಿಯ ಚಿತ್ರಗಳು. ಜೇಬಿನಲ್ಲಿ ಕೀ ಇದೆ. ಕಾಲೇಜು ಬಿಟ್ಟ ದಿನವೂ ಕೀ ಹೀಗೇ ಕೈಗೆ ಬಂದಿತ್ತು. ಪರೀಕ್ಷೆಯ ನಡುವೆ, ಪ್ರಶ್ನೆ ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ, ಉತ್ತರ ಬರೆಯುತ್ತ ಬರೆಯುತ್ತ ಇದನ್ನು ಬರೆಯುತ್ತಿರುವವನು ಯಾರು ಎಂದು ತಟ್ಟನೆ ಅನ್ನಿಸಿ ಪೆನ್ನು ಇಟ್ಟು ಎದ್ದು ಬಂದಿದ್ದ. ಪಾರ್ಕಿಂಗ್ ಲಾಟಿನಲ್ಲಿ ಕಾರು ಎಲ್ಲಿ ನಿಲ್ಲಿಸಿದ್ದೇನೆಂದು ಮರೆತು, ಕೀ ಒತ್ತುತ್ತ, ಎಲ್ಲೋ ದೂರದಲ್ಲಿ ಪಿಂಯ್ ಎನ್ನುವ ತನ್ನ ಕಾರನ್ನು ಮಂಜಿನಲ್ಲಿ ಹುಡುಕುತ್ತ ಅಲೆದಿದ್ದ. ಅಷ್ಟು ಹಗುರಾಗಿ ಯಾವತ್ತೂ ಇರಲಿಲ್ಲ. ಮಾರನೇ ದಿನದಷ್ಟು ಭಾರವಾಗಿಯೂ ಇರಲಿಲ್ಲ. ಈಗ ಕಾರು ಎಲ್ಲಿದೆ ಎಂದು ಗೊತ್ತಿದೆ, ಕಂಬದ ಪಕ್ಕ. ತಿರುವಿನಾಚೆ ಹೊರಬಾಗಿಲು, ಅದರ ಗಾಜಿನಾಚೆ ಬೆಳಕು. ಬಾಗಿಲಿಗೆ ಅಡ್ಡವಾಗಿ ಹಳದಿ ವೆಸ್ಟು ಹಾಕಿಕೊಂಡು ಯಾರೋ ನಿಂತಿದ್ದರು. ಶಾಲೆಯಲ್ಲಿ ಅದೊಂದು ಪದ್ಧತಿ: ಪ್ರತಿ ಮಗುವಿನ ಮನೆಯವರೂ ಟರ್ಮಿಗೊಂದು ಶನಿವಾರ ಬಾಗಿಲು ಕಾಯಬೇಕು, ಮಕ್ಕಳು ಬೀದಿಗೆ ಓಡದ ಹಾಗೆ. ಯಾರೋ ಒಬ್ಬ ಪೋಷಕ. ತಲೆ ತಗ್ಗಿಸಿ ಪಕ್ಕದಿಂದ ಹೋದರಾಯಿತು.

“ಎಕ್ಸ್‌ಕ್ಯೂಸ್ ಮಿ. ಪಾಸ್?” ಎಂದರು ಪೋಷಕ.

ಅಕ್ಷೋಭ್ಯ ತಲೆಯೆತ್ತಿದ. ಅಪ್ಪ.

ಮಕ್ಕಳ ತಾಯಂದಿರ ಅಳತೆಯ ವೆಸ್ಟು ಅಪ್ಪನ ಹೊಟ್ಟೆಯ ಮೇಲೆ ಬಿಗಿದು ಕೂತಿತ್ತು. ಒಳಗೆ ಇಸ್ತ್ರಿ ಮಾಡಿದ ಷರಟು, ಕತ್ತಿಗೆ ವಿಸಿಲು. ಇಬ್ಬರೂ ಒಂದು ಕ್ಷಣ ಬೇರೆ ಯಾರದೋ ಮನೆಯಲ್ಲಿ ಎದುರಾದ ಅಪರಿಚಿತರ ಹಾಗೆ ನೋಡಿದರು.

“ನೀನೇನಪ್ಪಾ ಇಲ್ಲಿ?”

“ಇಮೇಲ್ ಬಂತು ಕಣೋ, ಹೋದ ವಾರ. ಡಿಯರ್ ಪೇರೆಂಟ್ ಆಫ್ ಅಕ್ಷೋಭ್ಯ, ಶನಿವಾರ ನಿಮ್ಮ ಡ್ಯೂಟಿ ಅಂತ.” ಅಪ್ಪ ಗಂಟಲು ಸರಿಮಾಡಿಕೊಂಡರು. “ಮೊದಲು ಸ್ಪ್ಯಾಮ್ ಅಂದ್ಕೊಂಡೆ. ಆಮೇಲೆ ನೋಡಿದ್ರೆ ಸೆಕೆಂಡ್ ಗ್ರೇಡ್ ಅಂತಿದೆ. ಸರಿ, ಬಂದೆ.”

“ನಂಗೆ ಹೇಳ್ಬೇಕಲ್ವಾ?”

“ನೀನು ನಂಗೆ ಹೇಳಿದ್ಯಾ?”

ಅಪ್ಪ ಬೆನ್ನು ತಿರುಗಿಸಿ ಹೆಬ್ಬೆರಳಿನಿಂದ ತೋರಿಸಿದರು. “ಹಿಂದೆ ಏನೋ ಬರ್ದಿದೆ ನೋಡು. ಯಾರೂ ಹೇಳ್ತಿಲ್ಲ. ಕಳ್ಳ ಗಿಳ್ಳ ಅಂತ ಇಲ್ವಲ್ಲ?”

“ಜ್ಯಾಜಾಂಗ್. ಮನೆ ಹಿರಿಯ ಅಂತ.”

“ಹೌದಾ!” ಅಪ್ಪ ಅಷ್ಟು ಖುಷಿಯಾಗಿದ್ದನ್ನು ಅವನು ನೋಡಿ ಬಹಳ ಕಾಲವಾಗಿತ್ತು. “ಒಂದು ಫೋಟೋ ತೆಗಿ, ನಿಮ್ಮಮ್ಮಂಗೆ ಕಳಿಸೋಣ. ಅವಳಂತೂ ಒಪ್ಪಲ್ಲ.”

“ಅಪ್ಪ, ನಾನು ಹೋಗ್ಬೇಕು.”

“ಎಲ್ಲಿಗೆ?”

“ಹೊರಗೆ.”

ಅಪ್ಪನ ಮುಖ ಗಂಭೀರವಾಯಿತು, ಆದರೆ ಅಪ್ಪನ ಥರ ಅಲ್ಲ, ಕಾವಲಿನವರ ಥರ. “ಹಾಗೆಲ್ಲ ಬಿಡೋ ಹಾಗಿಲ್ಲ ಕಣೋ. ಆ ಶೆನ್ ಅಂತ ಒಬ್ರು ಮೇಡಂ ಇದಾರೆ, ಬೆಳಗ್ಗೆ ನಮ್ಮನ್ನೆಲ್ಲ ಲೈನಲ್ಲಿ ನಿಲ್ಸಿ ಹೇಳಿದಾರೆ. ಸ್ಟೂಡೆಂಟು ಪೇರೆಂ‌ಟ್ ಜೊತೆ ಮಾತ್ರ ಹೊರಗೆ ಹೋಗ್ಬೇಕು.”

“ಅಪ್ಪ, ನಂಗೆ ಇಪ್ಪತ್ಮೂರು.”

“ವಯಸ್ಸಿನ ವಿಷಯ ಅವ್ರೇನೂ ಹೇಳ್ಲಿಲ್ಲ.”

“ನೀನೇ ನನ್ನ ಪೇರೆಂಟು. ಬಿಡು.”

“ಅಲ್ಲೇ ಇರೋದು ಪ್ರಾಬ್ಲಮ್ಮು.” ಅಪ್ಪ ನಿಜವಾಗಿಯೂ ಯೋಚಿಸತೊಡಗಿದರು, ಮೂವತ್ತು ವರ್ಷ ಬ್ರೇಕುಗಳ ಡಿಸೈನು ಮಾಡಿದ ಹುಬ್ಬು ಗಂಟಿಕ್ಕಿಕೊಂಡು. “ಡ್ಯೂಟೀಲಿರೋ ಪೇರೆಂಟು ಮುಗಿಯೋವರೆಗೂ ಬಾಗಿಲು ಬಿಟ್ಟು ಹೋಗೋ ಹಾಗಿಲ್ಲ. ನಾನು ಬರದೆ ನೀನು ಹೋಗೋ ಹಾಗಿಲ್ಲ. ನಾನು ಬರೋ ಹಾಗಿಲ್ಲ. ಅಂದ್ರೆ…” ಅವರು ಬೆರಳು ಗಾಳಿಯಲ್ಲಿ ಸುತ್ತಿ ನಿಲ್ಲಿಸಿದರು. “ರೂಲ್ ಬರೆದೋರು ಈ ಕೇಸು ಯೋಚನೆ ಮಾಡಿಲ್ಲ.”

ಇನ್ನೊಂದು ದಿನವಾಗಿದ್ದರೆ ಅವನು ಬಾಗಿಲನ್ನು ದೂಡಿಕೊಂಡು ಹೋಗುತ್ತಿದ್ದ. ಸಿಟ್ಟು ಬಂತು ಕೂಡ. ಅಪ್ಪ ಈಗ ಕೇಳುತ್ತಾರೆ, ಯಾಕೆ ಅಂತ, ಕೇಳಿದ ಕೂಡಲೇ ಕಾಲೇಜು ಬರುತ್ತದೆ, ಋಷಿ ಬರುತ್ತಾನೆ, ತಾಳ್ಮೆ ಬರುತ್ತದೆ, ಅವನ ಹೆಸರಿಗೆ ಅಲುಗಾಡದವನು ಎಂಬ ಅರ್ಥ ಇರುವುದೂ ಬರುತ್ತದೆ. ಅದಕ್ಕೆಲ್ಲ ಉತ್ತರ ಅವನ ಬಳಿ ಎರಡು ವರ್ಷದಿಂದ ಹರಿತವಾಗಿ ಕೂತಿತ್ತು. ಅಪ್ಪ ಕೇಳಲಿಲ್ಲ. ಅವನ ಕೈಯ ಕೀ ನೋಡಿದರು, ತೋಳಿನ ಮೇಲಿನ ಕೋಟು ನೋಡಿದರು, ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

“ಹೋಗ್ಲೇಬೇಕಾ?”

“ಹೂಂ.”

“ಸರಿ, ಇರು. ಒಟ್ಟಿಗೇ ಹೋಗೋಣ.” ಅಪ್ಪ ದನಿ ತಗ್ಗಿಸಿ ಕಾರಿಡಾರಿನ ಆ ಕಡೆ ಈ ಕಡೆ ನೋಡಿದರು. “ಜಿಮ್ ಪಕ್ಕದ ಬಾಗಿಲಲ್ಲಿ ಹೋದ್ರೆ ಆಯಮ್ಮಂಗೆ ಕಾಣಲ್ಲ. ನಡಿ.”

ಹೇಳುತ್ತಲೇ ವೆಸ್ಟಿನ ಪಟ್ಟಿಯನ್ನು ಎಳೆದರು. ಪರ್ರ್ ಎಂದು ಸದ್ದಾಯಿತು. ಅಕ್ಷೋಭ್ಯನಿಗೆ ಆ ಸದ್ದು ಮೈಯೊಳಗೆ ಎಲ್ಲೋ ಕೇಳಿಸಿತು. ಇದು ಕೆಟ್ಟ ಸಿನಿಮಾಕ್ಕೆ ಹೋದರೂ ಕೊನೆಯ ಹೆಸರುಗಳು ಮುಗಿದು ಪರದೆ ಬೆಳ್ಳಗಾಗುವವರೆಗೆ ಏಳದ ಮನುಷ್ಯ. ಸೀದುಹೋದ ಉಪ್ಪಿಟ್ಟನ್ನೂ ತಟ್ಟೆ ಖಾಲಿಯಾಗುವವರೆಗೆ ತಿಂದು, ನೀರು ಕುಡಿದು, ಆಮೇಲೆ ಸೀದಿದೆ ಎಂದು ಹೇಳುವ ಮನುಷ್ಯ. ಒಂದೇ ಕಂಪನಿ, ಒಂದೇ ಥರದ ಬೂಟು. ಏನನ್ನೂ ಅರ್ಧಕ್ಕೆ ಬಿಟ್ಟು ಗೊತ್ತಿಲ್ಲ, ಹೇಗೆ ಬಿಡುವುದು ಎಂಬುದೂ ಗೊತ್ತಿಲ್ಲ. ಈಗ ಎರಡನೇ ಪಟ್ಟಿ ಎಲ್ಲಿದೆ ಎಂದು ಹೊಟ್ಟೆಯ ಮೇಲೆ ತಡಕಾಡುತ್ತಿದ್ದರು, ವಿಸಿಲಿನ ದಾರ ಕಿವಿಗೆ ಸಿಕ್ಕಿಕೊಂಡಿತ್ತು. ಕಳ್ಳತನಕ್ಕೆ ಹೊರಟ ಮಗುವಿನ ಹಾಗೆ ಮುಖ ಕೆಂಪಾಗಿತ್ತು. ಮಗ ಎದ್ದು ಹೋಗುವುದಾದರೆ ತಾನೂ ಎದ್ದು ಹೋಗುವುದು, ಅಷ್ಟೇ, ಅದರ ಹಿಂದೆ ಯಾವ ಉಪದೇಶವೂ ಅಡಗಿರಲಿಲ್ಲ. ಅಡಗಿದ್ದರೆ ಎಷ್ಟು ಸುಲಭವಾಗುತ್ತಿತ್ತು.

“ಬೇಡಪ್ಪ,” ಎಂದ ಅವನು.

“ಯಾಕೋ? ಬೇಗ ಬಾ, ಯಾರೂ ಇಲ್ಲ ಈಗ.”

“ಹಾಕ್ಕೋ ಅದನ್ನ. ನನ್ನ ಟರ್ನ್ ಬಂದಿರತ್ತೆ.”

“ಟರ್ನಾ? ಏನು ಟರ್ನು?”

“ಮಾತಾಡ್ಬೇಕು. ಫ್ಯಾಕ್ಟರಿ ಬಗ್ಗೆ.”

“ಚೈನೀಸಲ್ಲಿ?” ಅಪ್ಪನ ಕೈ ಪಟ್ಟಿಯ ಮೇಲೆಯೇ ನಿಂತಿತು. “ನಿಮ್ಮ ಫ್ಯಾಕ್ಟರಿ ಬಗ್ಗೆ ನೀನು ಕನ್ನಡದಲ್ಲೂ ನಂಗೆ ಹೇಳಿಲ್ವಲ್ಲೋ.”

“ನೀನು ಕೇಳ್ಲಿಲ್ಲ.”

“ಹೌದು,” ಎಂದರು ಅಪ್ಪ. “ಕೇಳ್ಲಿಲ್ಲ.” ಆಮೇಲೆ ವೆಸ್ಟನ್ನು ಎಳೆದು ಒತ್ತಿ ಕೂರಿಸಿಕೊಂಡರು, ಹೊಟ್ಟೆ ಒಳಗೆಳೆದುಕೊಂಡು. ಅವನು ತಿರುಗಿ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹಿಂದಿನಿಂದ ಕೂಗಿದರು: “ಲೋ, ಓಡ್ಬೇಡ! ಕಾರಿಡಾರಲ್ಲಿ ಓಡೋ ಹಾಗಿಲ್ಲ!”

ಒಳಗೆ ತನ್ಮಯಿ ಮಾತು ಮುಗಿಸಿ ಬಂದು ಕೂತಿದ್ದಳು. ಅವಳ ಕೆನ್ನೆ ಉರಿಯುತ್ತಿತ್ತು, ಚೆನ್ನಾಗಿಯೇ ಆಗಿರಬೇಕು. ಗಾವ್ ಲಾವ್‌ಷ ಅವನ ಕೋಟನ್ನು ನೋಡಿದರು, ಏನೂ ಕೇಳದೆ ಬೋರ್ಡಿನ ಕಡೆ ಕೈ ತೋರಿಸಿದರು. ಅವನು ಕೋಟನ್ನು ಆ ಪುಟ್ಟ ಕುರ್ಚಿಯ ಬೆನ್ನಿಗೆ ಹಾಕಿದ, ಅದು ನೆಲ ಮುಟ್ಟಿತು. ಮುಂದೆ ಹೋಗಿ ನಿಂತ. ಅಲ್ಲಿಂದ ನೋಡಿದರೆ ಕೋಣೆ ಬೇರೆಯೇ: ಮಕ್ಕಳ ತಲೆಗಳು, ಅದರ ಮೇಲೆ ಫೋನುಗಳ ಸಾಲು, ಮಧ್ಯದಲ್ಲಿ ಸುಚೇತಾಳ ಉತ್ಸಾಹದ ಮುಖ. ಅವಳ ಫೋನಿನೊಳಗೆ ಲಿಸ್ಲ್ ಇತ್ತು. ಇರಲಿ. ದೊಡ್ಡಪ್ಪ ನೋಡಲಿ, ಋಷಿಗೂ ತೋರಿಸಲಿ, ಪರದೆ ದೊಡ್ಡದು ಮಾಡಿಕೊಂಡು ನೋಡಲಿ. ಸಿಟ್ಟೇನೂ ಹೋಗಿರಲಿಲ್ಲ. ಆದರೆ ಈಗ ನಿಂತಿದ್ದ, ಸಿಟ್ಟಿಗೆ ಬೇಕಾದಷ್ಟು ಜಾಗ ಇತ್ತು, ಎದೆ ತುಂಬ ಉಸಿರು ಎಳೆದುಕೊಳ್ಳಲು ಬರುತ್ತಿತ್ತು.

ನಾನು ಕೆಲಸ ಮಾಡುವ ಜಾಗ ಕಾರ್ಖಾನೆ, ಎಂದು ಅವನು ಚೀನೀ ಭಾಷೆಯಲ್ಲಿ ಶುರು ಮಾಡಿದ. ಅಲ್ಲಿ ಯಂತ್ರದ ತಲೆಯ ಮೇಲೆ ಎರಡು ದೀಪ, ಕೆಂಪು ಮತ್ತು ಹಸಿರು. ಹೋಂಗ್‌ದಂಗ್ ಹತ್ತಿದರೆ ನಿಲ್ಲಬೇಕು, ಲ್ಯೂದಂಗ್ ಹತ್ತಿದರೆ ನಡೆಯಬೇಕು. ಕೆಂಪು ದೀಪ ಜಾಸ್ತಿ ಹತ್ತುತ್ತದೆ. ಆಗ ಲಾವ್ ಜಾವ್ ಯಂತ್ರವನ್ನು ಬೈಯುತ್ತಾನೆ. ಬೈದ ಮೇಲೆ ಬಿಸಿನೀರು ಕುಡಿಯುತ್ತಾನೆ.

ಬಿಸಿನೀರಿನಲ್ಲಿ ಎಡವಿದ. ದನಿಯ ಏರಿಳಿತ ತಪ್ಪಿದರೆ ಅರ್ಥವೇ ಬದಲಾಗುವ ಭಾಷೆ, ದನಿ ಇಳಿದು ಏಳಬೇಕಾದಲ್ಲಿ ಬರೀ ಇಳಿಯಿತು. ಇಡೀ ಕ್ಲಾಸು ಒಂದೇ ಬಾಯಲ್ಲಿ “ರಶ್ವೇ!” ಎಂದು ತಿದ್ದಿತು. ಅವನು ಮತ್ತೆ ಹೇಳಿದ. ಮತ್ತೆ ತಪ್ಪಿತು. ಮತ್ತೆ ತಿದ್ದಿದರು, ಈ ಸಲ ಹಿಂದಿನ ಸಾಲಿನ ಇಬ್ಬರು ಅಜ್ಜಿಯರೂ ಸೇರಿಕೊಂಡರು. ಮೂರನೇ ಸಲ ಅವನು ಕಾರ್ಖಾನೆಯಲ್ಲಿ ಗದ್ದಲದ ಮೇಲೆ ಕೂಗುವ ಹಾಗೆ ಕೂಗಿದ, ಕಿಟಕಿ ಅದುರಿತು, ಅಜ್ಜಿಯರು ಚಪ್ಪಾಳೆ ತಟ್ಟಿದರು. ನಾನು ತಣ್ಣೀರು ಕುಡಿಯುತ್ತೇನೆ, ಅದಕ್ಕೆ ಲಾವ್ ಜಾವ್ ನನ್ನನ್ನೂ ಬೈಯುತ್ತಾನೆ, ತಣ್ಣೀರು ಕುಡಿದರೆ ಹೊಟ್ಟೆ ಕೆಡುತ್ತದಂತೆ. ಅಲ್ಲಿ ನನ್ನ ಹೆಸರು ಶ್ಯಾವ್ ಆ. ಮಕ್ಕಳು ಅವನ ಕಾಲಿನಿಂದ ತಲೆಯವರೆಗೆ ಕಣ್ಣು ಹಾಯಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನೂ ನಕ್ಕ. ಗಾವ್ ಲಾವ್‌ಷ ಬಾಯಿಗೆ ಕೈ ಅಡ್ಡ ಹಿಡಿಯುವುದನ್ನು ಮರೆತು ತಂತಿ ಕಾಣುವಂತೆ ನಕ್ಕರು. ಮುಗಿಯಿತು, ಎಂದ ಅವನು ಚೀನೀ ಭಾಷೆಯಲ್ಲಿ. ಆ ಮಾತನ್ನು ಇದುವರೆಗೆ ಯಾವ ಭಾಷೆಯಲ್ಲೂ ತಾನು ನಿಜವಾಗಿ ಹೇಳಿರಲಿಲ್ಲ ಅನ್ನಿಸಿತು.

ಮಾತಾಡಿದವರಿಗೆ ಕ್ಲಾಸಿನಿಂದ ಒಂದು ಪ್ರಶ್ನೆ. ಒಬ್ಬೊಬ್ಬರಿಗೂ ಇತ್ತು, ಅವನಿಗೂ ಬಂತು. ಕೆವಿನ್ ಕೈ ಎತ್ತಿದ್ದ. ಯಂತ್ರದ ಬಗ್ಗೆ ಕೇಳುತ್ತಾನೆ, ದೀಪದ ಬಗ್ಗೆ ಕೇಳುತ್ತಾನೆ ಎಂದು ಅಕ್ಷೋಭ್ಯ ಪದಗಳನ್ನು ಹೊಂದಿಸಿಕೊಂಡ. ಹುಡುಗ ಎದ್ದು ನಿಂತು, ಕುರ್ಚಿಯ ಮೇಲಿನ ಕೋಟನ್ನೊಮ್ಮೆ ನೋಡಿ, ನಿಧಾನವಾಗಿ, ದೊಡ್ಡ ಹುಡುಗನಿಗೆ ಅರ್ಥವಾಗಲಿ ಎಂದು ಒಂದೊಂದೇ ಮಾತು ಬಿಡಿಸಿ ಕೇಳಿದ: ಮುಂದಿನ ಶನಿವಾರ ನೀನು ಬರುತ್ತೀಯೋ ಬರುವುದಿಲ್ಲವೋ?

ನಗು ನಿಂತಿತು. ಸುಚೇತಾಳಿಗೆ ಏನು ಕೇಳಿದ ಎಂದು ತಿಳಿಯಲಿಲ್ಲ, ಫೋನು ಹಿಡಿದೇ ಇದ್ದಳು. ತನ್ಮಯಿಗೆ ತಿಳಿಯಿತು, ಪೆನ್ಸಿಲ್ ಕಚ್ಚುವುದನ್ನು ಬಿಟ್ಟಳು. ಆ ಭಾಷೆಯಲ್ಲಿ ಹೌದು ಅನ್ನಲು ಬೇರೆ ಮಾತು ಹುಡುಕಬೇಕಾಗಿಲ್ಲ; ಬರ್ತೀಯಾ ಅಂದರೆ ಬರ್ತೀನಿ ಅನ್ನುವ ನಮ್ಮ ಹಾಗೆಯೇ, ಕೇಳಿದ್ದನ್ನೇ ತಿರುಗಿಸಿ ಹೇಳಿದರಾಯಿತು. ಒಂದೇ ಮಾತು. ದನಿ ಕೆಳಗಿನಿಂದ ಹೊರಟು ಮೇಲಕ್ಕೆ ಹತ್ತಬೇಕು.

“ಲಾಯ್,” ಎಂದ ಅಕ್ಷೋಭ್ಯ.

ಕ್ಲಾಸಿನವರೆಲ್ಲ ಕಾದರು. ಯಾರೂ ತಿದ್ದಲಿಲ್ಲ.